ಸಂಗನಕಲ್ಲಿನಲ್ಲಿ ಗಾಳಿ

ಆಷಾಢದ ಎರಡನೇ ಮಂಗಳವಾರ.
ಬ್ಯಾಡ್ರೀ ಮೇಡಂ, ಇವತ್ತು ಗಾಳಿ ಸರಿ ಇಲ್ಲ, ಎಂದ ಎರ್ರಿಸ್ವಾಮಿ
ಓಮ್ನಿಯ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.
ನಾವು ಆಗಲೇ ಹತ್ತಿ ಕೂತಿದ್ದೆವು:
ಗ್ರೇಸಮ್ಮ, ಮೆಹರುನ್ನಿಸಾ, ನಾನು,
ಬಳ್ಳಾರಿ ಟೆಲಿಫೋನ್ ಎಕ್ಸ್‌ಚೇಂಜಿನ ಮೂರು ಹಳೆಯ ಗಂಟಲು.

ಒಂದು ಕಾಲಕ್ಕೆ ಊರುಗಳೆಲ್ಲ ನಮ್ಮ ಬೆರಳ ತುದಿಯಲ್ಲಿದ್ದವು.
ಕುಡತಿನಿ ಎಂದರೆ ಮೇಲಿನ ಸಾಲಿನ ತೂತು,
ಸಂಡೂರು ಅದರ ಪಕ್ಕ, ಹನಿ ಬಿದ್ದರೆ ಕರಕರ;
ಗುಂತಕಲ್ಲಿಗೆ ವೈರು ಸಾಲದೆ ಅರ್ಧ ಎದ್ದು ನಿಲ್ಲಬೇಕು.
ಊರಿಗೆ ಊರು ಕೊಟ್ಟೆವು,
ಹತ್ತಿ ದಲಾಲರಿಗೆ ಧಾರಣೆ ಕೊಟ್ಟೆವು,
ಅಪರಾತ್ರಿ ಯಾರದೋ ಸಾವನ್ನು ಯಾರದೋ ಕಿವಿಗೆ ಕೊಟ್ಟೆವು.
ನೋಡಿದ್ದು ಮಾತ್ರ ಒಂದನ್ನೂ ಇಲ್ಲ.

ಕುಡತಿನಿಯ ದಾರಿಯಲ್ಲಿ ಅದಿರಿನ ಲಾರಿಗಳು
ಟಾರ್ಪಾಲಿನ ರೆಕ್ಕೆ ಬಡಿದುಕೊಂಡು ಕೋಳಿಗಳ ಹಾಗೆ ಓಡುತ್ತಿದ್ದವು.
ಒಂದು ಕಡೆಯಿಂದ ಕೆಂಪು ಧೂಳು, ಇನ್ನೊಂದು ಕಡೆಯಿಂದ ಎರೆಹೊಲದ ಕಪ್ಪು,
ನಡುವೆ ಗಾಜು ಏರದ ನಮ್ಮ ಓಮ್ನಿ.
ಸಂದಿಗೆ ಗ್ರೇಸಮ್ಮ ನಿನ್ನೆಯ ಪೇಪರು ತುರುಕಿದಳು;
ಹತ್ತು ಮಾರು ಹೋಗುವುದರಲ್ಲಿ ಸುದ್ದಿಯೆಲ್ಲ ಹಾರಿಹೋಯಿತು.

ಬೂದಿದಿಬ್ಬ ಸಿಕ್ಕಿತು. ರಕ್ಕಸರನ್ನ ಸುಟ್ಟ ಜಾಗ, ಎಂದ ಎರ್ರಿಸ್ವಾಮಿ.
ಅಲ್ಲಪ್ಪ, ಸಗಣಿ ಅಂತ ಓದೀನಿ, ಎಂದಳು ಮೆಹರುನ್ನಿಸಾ,
ಸಾವಿರಾರು ವರ್ಷದ ಹಿಂದ ದನ ಕಟ್ಟಿದವರು
ಗುಡ್ಡಿ ಹಾಕಿ ಹಾಕಿ ಸುಟ್ಟದ್ದು.
ಅವನು ಬಹಳ ಹೊತ್ತು ಆ ಬಿಳಿ ಮಣ್ಣು ನೋಡಿದ.
ಹಂಗಾರ ನಮ್ಮವ್ವನ ಕುಳ್ಳಿನ ಬಣವಿನೂ
ನೋಡಾಕ ಬರ್ತಾರೇನ್ರಿ ಮುಂದ?

ಮಂಡಕ್ಕಿ ಪೊಟ್ಟಣ ಬಿಚ್ಚಿದ್ದೇ ತಡ
ಎದ್ದು ಹೋಯಿತು, ಮಳೆಹುಳದ ಹಿಂಡಿನಂತೆ, ಬೇಲಿಯಾಚೆ.
ಮಿರ್ಚಿ ಭಾರ, ಉಳಿಯಿತು. ಮಣ್ಣಿನ ಸಮೇತ ತಿಂದೆವು.
ಕಣ್ಣೀರು ಖಾರದ್ದೋ ಧೂಳಿನದೋ ಯಾರೂ ವಿಚಾರಿಸಲಿಲ್ಲ.

ಸಂಗನಕಲ್ಲಿನ ಗುಡ್ಡ ಹತ್ತುವಾಗ ಮಾತು ನಿಂತಿತು.
ಬಾಯಿ ತೆರೆದರೆ ಗಾಳಿ ಒಳಗೆ ಬಂದು ಕೂರುತ್ತಿತ್ತು.
ಮೂರು ಹೆಜ್ಜೆ ಮುಂದಿದ್ದ ಗ್ರೇಸಮ್ಮ ಏನೋ ಕೂಗಿದಳು;
ತುಟಿ ಕಂಡಿತು, ದನಿ ಆಂಧ್ರದ ಕಡೆ ಹೋಯಿತು.
ಎಂಥೆಂಥ ಕೆಟ್ಟ ಲೈನಿನಲ್ಲಿ, ಗುಡುಗಿನಲ್ಲಿ
ಒಂದು ಹೆಸರನ್ನು ಹೆಕ್ಕಿ ತೆಗೆಯುತ್ತಿದ್ದ ಕಿವಿಗಳು ಇವು!
ಮೆಹರುನ್ನಿಸಾಳ ಎಡಗಿವಿ ಹೋಗಿ ಹನ್ನೊಂದು ವರ್ಷ.
ಹೆಡ್‌ಫೋನು ಕೂರುತ್ತಿದ್ದ ಕಿವಿ.

ಕರೀ ಬಂಡೆಗಳು. ಯಾರೋ ಕುಟ್ಟಿ ಕುಟ್ಟಿ ಮೂಡಿಸಿದ ಹಿಣಿಲಿನ ಎತ್ತು.
ಒಂದು ಬಂಡೆಯ ಮೈಗೆ ಸಿಡುಬಿನ ಕಲೆಯಂಥ ಗುಳಿ.
ಇದು ಹಾಡೋ ಕಲ್ಲು, ಎಂದು ಕೈಸನ್ನೆ ಮಾಡಿ
ಎರ್ರಿಸ್ವಾಮಿ ಹರಳೊಂದನ್ನು ಎತ್ತಿ ಬಡಿದ.
ನಮಗೆ ಗಾಳಿ ಕೇಳಿಸಿತು.
ಮತ್ತೆ ಬಡಿದ.
ಗಾಳಿ.

ಮೆಹರುನ್ನಿಸಾ ಸೆರಗು ಸೊಂಟಕ್ಕೆ ಸಿಕ್ಕಿಸಿ
ಬಂಡೆಗೆ ಕೆನ್ನೆ ಹಚ್ಚಿದಳು. ಎಡಗೆನ್ನೆ.
ಬಡಿ, ಎಂದು ಬೆರಳಾಡಿಸಿದಳು.
ಮುಖದಲ್ಲಿ ಅದೇ, ರಾತ್ರಿಪಾಳಿಯ ಎರಡು ಗಂಟೆಗೆ
ದೂರದ ಊರೊಂದು ಎತ್ತಿಕೊಂಡಾಗಿನ ಮುಖ.
ನಂಬರ್ ಪ್ಲೀಸ್, ಎಂದಳು.
ಎಂದಳೋ, ನಾನು ತುಟಿ ಓದಿದೆನೋ.

ಸರದಿಯಂತೆ ನಾನೂ ಕೆನ್ನೆ ಕೊಟ್ಟೆ. ಬೆಚ್ಚಗಿತ್ತು ಕಲ್ಲು.
ಹಲ್ಲಿನ ಬೇರಿಗೆ ಕಂಚಿನ ತಟ್ಟೆ ತಾಗಿದ ಹಾಗೆ
ಒಂದು ಸಣ್ಣ ಣಣ್,
ಆ ಕಡೆಯವರು ಇನ್ನೂ ಬಾಯಿ ತೆರೆಯುವ ಮೊದಲಿನ ಸದ್ದು.
ಗ್ರೇಸಮ್ಮನಿಗೆ ಮಾತ್ರ ಏನೂ ಕೇಳಲಿಲ್ಲ.
ಕೇಳಿತು ಎಂದು ತಲೆಯಾಡಿಸಿದಳು.
ಮೂವತ್ತೊಂದು ವರ್ಷ ಪಕ್ಕದ ಕುರ್ಚಿಯವಳು ನಾನು, ಸುಮ್ಮನಿದ್ದೆ.

ಇಳಿಯುವಾಗ ಅವಳ ಹಸಿರು ಸ್ಕಾರ್ಫು ಹಾರಿ
ಬಳ್ಳಾರಿ ಜಾಲಿಗೆ ಸಿಕ್ಕಿಕೊಂಡಿತು.
ಬಿಡಿಸಹೋದ ಎರ್ರಿಸ್ವಾಮಿಯ ಅಂಗಿಯೂ ಹರಿಯಿತು.
ಬಿಡಪ್ಪಾ, ಎಂದೆವು ಮೂವರೂ ಒಟ್ಟಿಗೆ. ಅವನಿಗೆ ಕೇಳಿಸಲಿಲ್ಲ.

ಮುಂದಿನ ಸಲ ಗುಂತಕಲ್ಲು, ಎಂದಳು ಮೆಹರುನ್ನಿಸಾ
ಓಮ್ನಿಯಲ್ಲಿ, ಸೆರಗಿನ ತುದಿ ಹೊಸೆದು
ಕಿವಿಯ ಮಣ್ಣು ತೆಗೆಯುತ್ತ.
ಎಡಗಿವಿಯದನ್ನು ಬಿಟ್ಟಳು.